ಹಳೇ ಫೋಟೋಗಳಿಂದ ಅಳಿಸಿದ ಹ್ಯಾಶ್‌ಟ್ಯಾಗ್

ತಮ್ಮಾ,

ಚೀಲಗಳನ್ನು ಕೊರಿಯರ್‌ಗೆ ಕೊಟ್ಟು ಬರ್ತೀನಿ. ಹೊಸ ಚೀಲದ ಫೋಟೋ ನಮ್ಮ ಪೇಜ್‌ಗೆ ನೀನೇ ಹಾಕು. ಜನ ಹುಡುಕೋ ಹ್ಯಾಶ್‌ಟ್ಯಾಗ್ ಎಷ್ಟು ಬೇಕಾದ್ರೂ ಸೇರಿಸು, ವ್ಯಾಪಾರ ಬೆಳೆಯೋದು ಬೇಡ ಅಂತ ನಾನೇನೂ ಅನ್ನಲ್ಲ.

ಆದ್ರೆ #ಅಮ್ಮನಹೊಲಿಗೆ ಅನ್ನೋದನ್ನ ಹಳೇ ಫೋಟೋಗಳಿಂದೆಲ್ಲ ಕಸ ಗುಡಿಸಿದ ಹಾಗೆ ಯಾಕೋ ಅಳಿಸಿದೆ? ಅದರಿಂದ ಒಬ್ಬ ಗಿರಾಕಿಯೂ ಬರಲ್ಲ, ಗೊತ್ತು. ನನ್ನನ್ನೊಂದು ಮಾತು ಕೇಳಬಾರದಿತ್ತಾ? ಅಮ್ಮ ತೀರಿಕೊಂಡ ಮೇಲೆ ಅಪ್ಪ ದಿನಾ ಬೆಳಿಗ್ಗೆ ಅದನ್ನೇ ಒತ್ತಿ, ಹೊಲೀತಿರೋ ಅಮ್ಮನ ಕೈಗಳ ಫೋಟೋಗಳನ್ನು ನೋಡ್ತಾ ಕೂತಿರ್ತಾರೆ. ಇವತ್ತು ಏನೂ ಕಾಣದೆ ನನ್ನ ಹತ್ತಿರ ಫೋನ್ ತಂದು, "ನಾನೇ ಏನೋ ತಪ್ಪು ಒತ್ತಿಬಿಟ್ಟೆ ಕಣೇ, ನಿಮ್ಮಮ್ಮ ಹೊರಟುಹೋದಳು" ಅಂದ್ರು.

ಅಳಿಸಿದ್ದು ನೀನು ಅಂತ ನಾನು ಹೇಳಿಲ್ಲ. ಈಗ ಮಲಗಿದ್ದಾರೆ. ಏಳುವಷ್ಟರಲ್ಲಿ ಎಲ್ಲಕ್ಕೂ ವಾಪಸ್ ಸೇರಿಸಿಡು.

ಅಕ್ಕ