ಎತ್ತರದ ಕುರ್ಚಿಯ ದೊರೆಗೆ

ನಗರದ ಈಜುಕೊಳದ ಎತ್ತರದ ಕುರ್ಚಿಯಿಂದ ಹದಿನೆಂಟು ಬೇಸಿಗೆ ರಾಜ್ಯಭಾರ ಮಾಡಿದ, ಮುಳುಗುವವರ ಉದ್ಧಾರಕ, ಶಿಳ್ಳೆಧಾರಿ, ದಿವಂಗತ ತೀರ್ಥರೂಪರ ಪಾದಗಳಿಗೆ ಒದ್ದೆ ಮಗನ ಸಾಷ್ಟಾಂಗ ವಂದನೆಗಳು.

ಇಂದು ಮಧ್ಯಾಹ್ನ ಡಾಂಬರು ಚಪ್ಪಲಿಗೆ ಅಂಟುವಷ್ಟು ಬಿಸಿಲು. ತಾವು ಹೋದ ಮೇಲೆ ಮೊದಲ ಸಲ ಕೊಳಕ್ಕಿಳಿದೆ. ನೀರೊಳಗೆ ಎಲ್ಲ ಹಾಗೇ ಇದೆ. ಮಕ್ಕಳ ಕೂಗು ಬೇರೆ ಯಾವುದೋ ಲೋಕದ್ದೆನಿಸುತ್ತದೆ; ತಳದ ನೀಲಿ ಟೈಲ್ಸ್ ಮೇಲೆ ಬೆಳಕು ಬಲೆಯಂತೆ ತೂಗುತ್ತದೆ. ಬಹಳ ಹೊತ್ತು ಮೈಮರೆತು ತೇಲಿದೆ. ಆಮೇಲೆ ಹಳೇ ಚಾಳಿ ಬಿಡಬೇಕಲ್ಲ! ಆಳದ ಕಡೆ ಹೋಗಿ, ಕೈಕಾಲು ಬಡಿದು, ಶಾಸ್ತ್ರೋಕ್ತವಾಗಿ ಮುಳುಗಿದೆ.

ತಮ್ಮ ಕುರ್ಚಿಯಲ್ಲಿ ಈಗ ತಮ್ಮ ಶಿಷ್ಯನಿದ್ದಾನೆ. ಅವನು ಎದ್ದೇಳಲೂ ಇಲ್ಲ.

“ಸಾಕು ಬಾರೋ ಮೇಲೆ! ನಿನ್ನ ನಾಟಕ ಎಲ್ಲಾ ನಿಮ್ಮಪ್ಪ ಹೇಳಿದ್ದಾರೆ.”

“ಅಪ್ಪಂಗೆ ಗೊತ್ತಿತ್ತಾ? ಮತ್ತೆ ಪ್ರತಿ ಸಲ ಯಾಕೆ ಹಾರ್ತಿದ್ರು?”

“ನಾನೂ ಅದನ್ನೇ ಕೇಳ್ದೆ. ‘ಕಣ್ಣಿಗೆ ಗೊತ್ತಾಗುತ್ತೆ ಕಣೋ, ಕಾಲು ಕೇಳಲ್ಲ’ ಅಂದ್ರು.”

ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಕೊಳ ಮುಚ್ಚುವವರೆಗೂ ಕೂತಿದ್ದೆ.

ಅಪ್ಪಾ, ನಿನ್ನ ಕೊನೆಯ ಬೇಸಿಗೆಯಲ್ಲಿ ನನ್ನನ್ನು ದಡಕ್ಕೆಳೆದು “ಕತ್ತೆ” ಅಂತ ಬೈದೆಯಲ್ಲ, ಅವತ್ತು ನಾನು ನಿಜವಾಗಿಯೂ ಮುಳುಗುತ್ತಿದ್ದೆ. ಮೇಲೆ ಬಂದು ನಕ್ಕದ್ದಷ್ಟೇ ನಾಟಕ.