ಸೊಂಟದ ಗಾಯಕ್ಕೆ ಖುದ್ದು ಹಾಜರಿ

ಜಿಲ್ಲೆಯ ದವಾಖಾನೆಗಳಿಗೆಲ್ಲ ಒಡೆಯರಾದ ವೈದ್ಯಾಧಿಕಾರಿಗಳೇ,

ನನ್ನ ಹೆಂಡತಿ ಶಿವಲಿಂಗವ್ವನ ಗಾಯ ಮಾಯದಂತೆ ನೋಡಿಕೊಳ್ಳುತ್ತಿರುವುದು ತಮ್ಮ ಹುಕುಂ. ಪಟ್ಟಿ, ಮುಲಾಮು ಬೇಕಾದರೆ ರೋಗಿ ಖುದ್ದಾಗಿ ದವಾಖಾನೆಗೆ ಬರಬೇಕು ಎಂದು ಹೊರಡಿಸಿದ್ದೀರಲ್ಲ, ಅದೇ. ಸ್ವರಾಜ್ಯ ಬಂದರೂ ಹುಕುಂ ಹೋಗಲಿಲ್ಲ.

ನಮ್ಮ ಇಳಕಲ್ಲಿನ ಹೆಂಗಸರು ಸೀರೆ ಹೇಗೆ ಉಡುತ್ತಾರೆಂದು ತಮಗೆ ತಿಳಿದಿರಲಾರದು, ತಾವು ಪಾಟಲೋನು ತೊಡುವವರು. ಇವರು ಅಷ್ಟುದ್ದ ಸೀರೆಯ ಭಾರವನ್ನೆಲ್ಲ ಸೊಂಟದ ಒಂದೇ ಗಂಟಿಗೆ ಬಿಗಿಯುತ್ತಾರೆ, ಹುಡುಗಿಯರಾಗಿದ್ದಾಗಿನಿಂದಲೂ ಅದೇ ಜಾಗದಲ್ಲಿ. ಶಿವಲಿಂಗವ್ವನಿಗೆ ಅಲ್ಲಿ ಮೊದಲು ಚರ್ಮ ಕಪ್ಪಾಗಿ ದಡ್ಡುಗಟ್ಟಿತು, ಆಮೇಲೆ ಹುಣ್ಣಾಯಿತು. ಅರಿಸಿನ ಹಚ್ಚಿ ಅದರ ಮೇಲೆಯೇ ಮತ್ತೆ ಗಂಟು ಹಾಕಿದಳು. ಮಿರಜಿನ ದೊಡ್ಡ ದವಾಖಾನೆಗೆ ಕರೆದೊಯ್ದಾಗ ಚರ್ಮದ ಕ್ಯಾನ್ಸರ್ ಎಂದರು, ಅಂಗೈಯಗಲ ಕತ್ತರಿಸಿ ತೆಗೆದರು. ಕಳಿಸುವಾಗ ಅಲ್ಲಿಯ ಡಾಕ್ಟರರು ಹೇಳಿದ್ದು ಒಂದೇ ಮಾತು: ಮಾಯಲು ತಿಂಗಳುಗಟ್ಟಲೆ ಹಿಡಿದೀತು, ಅಲ್ಲಿಯವರೆಗೆ ಸೊಂಟಕ್ಕೆ ಏನನ್ನೂ ಬಿಗಿಯಬೇಡಿ.

ಮನೆಯಲ್ಲಿ ಅದನ್ನು ಪಾಲಿಸುತ್ತೇವೆ. ಬಾಗಿಲು ಮುಚ್ಚಿಕೊಂಡು, ಮೆತ್ತನೆಯ ಹಳೆಯ ಧೋತರ ಹೊದ್ದು ಮಲಗಿರುತ್ತಾಳೆ. ಗಾಯದ ಅಂಚಿನಲ್ಲಿ ಎಳೆಯ ಚರ್ಮ ಕೂಡುತ್ತ ಬರುತ್ತದೆ. ಅಷ್ಟರಲ್ಲಿ ಪಟ್ಟಿ ಕಟ್ಟಿಸುವ ದಿನ ಬರುತ್ತದೆ. "ಸಡ್ಲ ಉಟಗೋ" ಎಂದರೆ ಕೇಳುವುದಿಲ್ಲ. "ಮಂದಿ ತುಂಬಿದ ಪೇಟ್ಯಾಗ ಸೀರಿ ಜಾರಿದ್ರ ನನ್ನ ಮಾನ ಯಾರ ಕಾಯತಾರ್ರಿ?" ಎನ್ನುತ್ತಾಳೆ, ಹಲ್ಲು ಕಚ್ಚಿ ಬಿಗಿಯುತ್ತಾಳೆ. ದವಾಖಾನೆಯಲ್ಲಿ ಬಿಚ್ಚಿದಾಗ ಕೂಡಿದ್ದ ಚರ್ಮ ಬಟ್ಟೆಯ ಜೊತೆಗೇ ಕಿತ್ತು ಬರುತ್ತದೆ. ನನ್ನಿಂದ ನೋಡಲಾಗುವುದಿಲ್ಲ. ಗುಣವಾಗಲೆಂದು ಹೋದರೆ ಗಾಯ ಹರಿಯುವಂಥ ಈ ಏರ್ಪಾಡನ್ನು ಹುಡುಕಲು ತಾವು ಎಷ್ಟು ಓದಿರಬೇಕು!

ನಮ್ಮೂರ ದವಾಖಾನೆಯ ಕಂಪೌಂಡರರಿಗೆ ಕೈಮುಗಿದು ಕೇಳಿದೆ: "ಮುಲಾಮು ನನ್ನ ಕೈಯಾಗ ಕೊಡ್ರಿ. ನಮ್ಮ ಓಣಿ ಸೂಲಗಿತ್ತಿ ಅಮೀನಬಿ ಮನ್ಯಾಗ ಪಟ್ಟಿ ಕಟ್ತಾಳ. ನಮ್ಮ ಜೋಡಿ ಮಿರಜಿಗೆ ಬಂದು ನೋಡಿ ಕಲತಾಳ."

"ನೀವು ಹೇಳೂದು ಖರೆ ಐತ್ರಿ ಮಾಸ್ತರ. ಆದ್ರ ಪೇಶಂಟ್ ಇಲ್ದ ಕೊಟ್ರ ನನ್ನ ನೌಕರಿ ಹೋಗತೈತಿ" ಎಂದರು. ಅವರನ್ನು ದೂರಲಾರೆ.

ನನ್ನ ಬೇಡಿಕೆ ಇಷ್ಟೆ. ಇಂಥ ಗಾಯದವರಿಗೆ ಪಟ್ಟಿ, ಮುಲಾಮುಗಳನ್ನು ಮನೆಗೆ ಕೊಡುವಂತೆ ಅಪ್ಪಣೆ ಮಾಡಿ. ನನಗೆ ಆಕೆ ಬೇಕು, ಸ್ವಾಮಿ. ಆಗದೆಂದರೆ ಮುಂದಿನ ಸಲ ಸೀರೆಯನ್ನೇ ಉಡಿಸದೆ, ಹೊರಸಿನ ಮೇಲೆ ಬಟ್ಟೆ ಹೊದಿಸಿ, ಹಾಡಹಗಲು ಪೇಟೆಯ ನಡುವೆ ಹೊತ್ತು ತರಬೇಕಾಗುತ್ತದೆ. ಇದು ನನ್ನ ಬೆದರಿಕೆಯಲ್ಲ. ಇಷ್ಟು ದಿನ ಮಾನಕ್ಕಾಗಿ ಗಾಯ ಹರಿದುಕೊಂಡವಳು ನಿನ್ನೆ ಸಂಜೆ ತಾನಾಗಿಯೇ ಹೇಳಿದಳು: "ಇನ್ನ ಆಗೂದಿಲ್ರಿ. ಹಂಗ ಹೊತಗೊಂಡು ಹೋಗ್ರಿ."

ಇಂತಿ,
ತಮ್ಮ ಅಪ್ಪಣೆಯ ದಾರಿ ಕಾಯುತ್ತಿರುವ
ಶಂಕ್ರಪ್ಪ, ಸಾಲಿ ಮಾಸ್ತರ
ಇಳಕಲ್ಲು, ೧೯೫೪