ಎರಡನೇ ಲೋಟ

ನವೆಂಬರ್ 11, ಬೆಳಿಗ್ಗೆ 7

ಮತ್ತೆ ಒದ್ದೆ ಟವೆಲ್ ಹಾಸಿಗೆ ಮೇಲೆ. ಮದುವೆಯಾಗಿ ಇಪ್ಪತ್ತೆರಡು ವರ್ಷ, ನಾಯಿ ಬಾಲ ಡೊಂಕೇ. ಚೆನ್ನಾಗಿ ಬೈದೆ. "ಕಾಫಿಗೆ ಬರ್ತೀಯೇನೇ?" ಅಂದರು. ಬರಲ್ಲ ಅಂದೆ. ದಿನಾ ಮೂಲೆ ದರ್ಶಿನಿಯಲ್ಲಿ ಒಂದೇ ಕಾಫಿ ಎರಡು ಲೋಟಕ್ಕೆ ಬೈ-ಟು ಮಾಡಿಸಿ ಕುಡಿದು ಅವರು ಬಸ್ಸಿಗೆ, ನಾನು ಮೆಟ್ರೋಗೆ. ಇವತ್ತು ಒಬ್ಬರೇ ಕುಡಿಯಲಿ.

ನವೆಂಬರ್ 14, ಆಸ್ಪತ್ರೆ

ಬಾಂಬ್. ನಮ್ಮ ಚಂದ್ರಾ ಲೇಔಟಲ್ಲಿ, ನಮ್ಮ ದರ್ಶಿನಿಯಲ್ಲಿ... ಕೈ ತೊಳೆಯೋ ಜಾಗದಲ್ಲಿ ಯಾರೋ ಬ್ಯಾಗ್ ಇಟ್ಟು ಹೋಗಿದ್ದರಂತೆ. ಇಬ್ಬರು ತೀರಿಕೊಂಡರು. ಇವರ ಬೆನ್ನಿಗೆ ಗಾಜು, ಬಲಗಿವಿ ಕೇಳಿಸುತ್ತಿಲ್ಲ. ಬದುಕಿದ್ದಾರೆ. ರಕ್ತ ಕೊಡಲು ಗುರುತೇ ಇಲ್ಲದವರು ಸಾಲಾಗಿ ನಿಂತಿದ್ದರು. ಎದುರುಮನೆ ಅಲಮೇಲು ಆಂಟಿ ಇಡ್ಲಿ ತಂದು, "ಮೊದಲು ನೀನು ತಿನ್ನು ಕಣೇ" ಅಂತ ಗದರಿದರು. ಹಾಳು ಟವೆಲ್‌ಗೋಸ್ಕರ ಒಬ್ಬರನ್ನೇ ಕಳಿಸಿದೆನಲ್ಲ. ಇಡ್ಲಿ ಡಬ್ಬಿ ಹಾಗೇ ಮುಚ್ಚಿಟ್ಟೆ.

ಡಿಸೆಂಬರ್ 29

ಮನೆಗೆ ಬಂದು ತಿಂಗಳಾಯಿತು. ಇವರು ಗೇಟ್ ದಾಟಿಲ್ಲ. ದರ್ಶಿನಿಯಲ್ಲಿ ಕಾಫಿ ಮಾಡೋ ಚಿಕ್ಕಣ್ಣ ಕೈಗೆ ಬ್ಯಾಂಡೇಜ್ ಸುತ್ತಿಕೊಂಡೇ ಬಂದಿದ್ದ. "ಸೋಮವಾರ ಓಪನ್ ಸಾರ್, ಬರ್ಬೇಕು." ಇವರು ಟಿ.ವಿ. ವಾಲ್ಯೂಮ್ ಏರಿಸಿದರು.

ಜನವರಿ 8

ಒಬ್ಬಳೇ ಹೋದೆ. ಹೊಸ ಬಣ್ಣದ ವಾಸನೆ. ಜನ ಮೊದಲಿನಷ್ಟೇ! ಆದರೆ ಯಾರೂ ಬ್ಯಾಗ್ ಕೆಳಗಿಡುತ್ತಿಲ್ಲ, ಎದೆಗೆ ಒತ್ತಿಕೊಂಡೇ ದೋಸೆ ತಿನ್ನುತ್ತಾರೆ. ಚಿಕ್ಕಣ್ಣ ಕೇಳದೆಯೇ ಎರಡು ಲೋಟಕ್ಕೆ ಹಾಕಿದ. ಒಂದು ಕುಡಿದೆ.

"ಇನ್ನೊಂದು ಮನೆಗೆ ತಗೊಂಡ್ ಹೋಗಿ ಮೇಡಂ. ಲೋಟ ಮಾತ್ರ ಸಾರೇ ವಾಪಸ್ ತಂದ್ಕೊಡ್ಬೇಕು."

ಸ್ಟೀಲ್ ಲೋಟ ಸೆರಗಲ್ಲಿ ಹಿಡಿದು ರಸ್ತೆ ದಾಟಿದೆ. ಅರ್ಧ ಚೆಲ್ಲಿತು.

ಇವರು ಲೋಟವನ್ನೇ ನೋಡುತ್ತಾ ಕೂತರು. ಆಮೇಲೆ ಮೆಲ್ಲಗೆ, "ಅವತ್ತೂ ಬೈ-ಟುನೇ ಹೇಳಿದ್ದೆ ಕಣೇ. ಸಿಟ್ಟು ಇಳಿದು ಬರ್ತೀಯೇನೋ ಅಂತ ನಿನ್ನ ಲೋಟ ಹಿಡ್ಕೊಂಡು ಫುಟ್‌ಪಾತಿಗೆ ಬಂದೆ. ಅಷ್ಟರಲ್ಲಿ ಹಿಂದೆ..."

ಬಾಯಿಬಿಟ್ಟು ಅತ್ತೆ. ಅವರೂ. ತಣ್ಣಗಾದ ಕಾಫಿ ಇಬ್ಬರೂ ಒಂದೊಂದು ಗುಟುಕು ಕುಡಿದೆವು.

ಜನವರಿ 9, ಬೆಳಿಗ್ಗೆ 6.40

ಹಾಸಿಗೆ ಮೇಲೆ ಒದ್ದೆ ಟವೆಲ್. ನಾನೇ ಒಣಹಾಕಿದೆ. ಕಿಟಕಿಯಿಂದ ಕಾಣುತ್ತಿದ್ದಾರೆ — ಗೇಟಿನ ಹತ್ತಿರ, ತೊಳೆದ ಲೋಟ ಹಿಡಿದುಕೊಂಡು. ಚಿಲಕ ತೆಗೆದರು. ಅವರ ಎಡಗಿವಿ ಕಡೆಯೇ ನಡೆಯಬೇಕು, ಮರೆಯಬಾರದು. ಕರೀತಿದ್ದಾರೆ, "ಬರ್ತೀಯೇನೇ?"

ಬಂದೆ ರೀ, ಬಂದೆ.